ಒಡೆಯದೆ ಬದಲಾಗುವ ನೆಲ

ಹಳೆಯ ಮನೆಯ ನೆಲ ಬದಲಿಸೋಣ ಎಂಬ ಮಾತು ಎದ್ದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸಿನ ಬೆಲೆಗಿಂತ ಮೊದಲು ಚರ್ಚೆಗೆ ಬರುವುದು ಒಡೆಯುವ ಗಲಾಟೆ. ಬ್ರೇಕರ್ ಯಂತ್ರ ಗುಡುಗತೊಡಗಿದರೆ ಕೆಳಗಿನ ಮನೆಯ ಮಗು ನಿದ್ದೆಯಿಂದ ಎದ್ದು ಕೂರುತ್ತದೆ, ಮೇಲಿನ ಮನೆಯವರ ಆನ್‌ಲೈನ್ ಮೀಟಿಂಗ್ ಅರ್ಧಕ್ಕೇ ನಿಲ್ಲುತ್ತದೆ. ನಿವಾಸಿಗಳ ಸಂಘದವರು ಸಮಯ ಗೊತ್ತುಮಾಡುತ್ತಾರೆ, ಡಿಪಾಸಿಟ್ ಕೇಳುತ್ತಾರೆ, ಲಿಫ್ಟಿನಲ್ಲಿ ಮೂಟೆ ಸಾಗಿಸಬೇಡಿ ಎನ್ನುತ್ತಾರೆ. ಮನೆಯವರ ಪಾಡಂತೂ ಹೇಳುವಂತಿಲ್ಲ. ಬೀರು, ಮಂಚ, ಪಾತ್ರೆಪಡಗ ಎಲ್ಲವನ್ನೂ ಎತ್ತಿಟ್ಟು, ವಾರಗಟ್ಟಲೆ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ದಿನ ದೂಡಬೇಕು.

ಒಡೆದಾಗ ಬರುವ ಅವಶೇಷದ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಮಲಗುವ ಕೋಣೆ ಎಂದರೆ 11 ಚದರ ಮೀಟರ್. 9 ಮಿ.ಮೀ. ದಪ್ಪದ ವಿಟ್ರಿಫೈಡ್ ಟೈಲ್ಸ್, ಅದರ ಕೆಳಗೆ 4 ಸೆಂ.ಮೀ. ಸಿಮೆಂಟ್ ಗಾರೆ ಸೇರಿದರೆ ಚದರ ಮೀಟರಿಗೆ ಸುಮಾರು 100 ಕಿಲೋ. ಅಂದರೆ ಒಂದೇ ಕೋಣೆಯಿಂದ ಒಂದು ಟನ್ನಿಗೂ ಹೆಚ್ಚು ಚೂರು, ಪುಡಿ, ಹೆಂಟೆ ಮೂಟೆಗಳಲ್ಲಿ ಕೆಳಗಿಳಿಯಬೇಕು. ಅಷ್ಟೇ ತೂಕದ ಮರಳು, ಸಿಮೆಂಟು, ಹೊಸ ಟೈಲ್ಸ್ ಮೇಲೇರಬೇಕು. ಅದೇ ಕೋಣೆಗೆ 4 ಮಿ.ಮೀ. ದಪ್ಪದ ವಿನೈಲ್ ಹಲಗೆ ಹಾಸಿದರೆ ಮೇಲೇರುವ ಸರಕು 90 ಕಿಲೋ ಆಸುಪಾಸು. ಕೆಳಗಿಳಿಯುವುದು ಒಂದಿಷ್ಟು ಕತ್ತರಿಸಿದ ತುಂಡು, ಖಾಲಿ ರಟ್ಟಿನ ಡಬ್ಬಗಳು ಮಾತ್ರ.

ಲಕ್ಷುರಿ ವಿನೈಲ್ ಟೈಲ್, ಅಂಗಡಿಯವರ ಬಾಯಲ್ಲಿ ಎಲ್‌ವಿಟಿ, ನಗರದ ಹಳೆಯ ಫ್ಲ್ಯಾಟುಗಳ ಒಳಗೆ ಕಾಲಿಡುತ್ತಿರುವುದು ಈ ಲೆಕ್ಕದ ಬಲದಿಂದ. ಜಾಹೀರಾತುಗಳು ಅದರ ತೇಗದ ಬಣ್ಣವನ್ನೂ ಅಮೃತಶಿಲೆಯ ಗೆರೆಗಳನ್ನೂ ತೋರಿಸುತ್ತವೆ. ಮನೆ ಕಟ್ಟಿ ಇಪ್ಪತ್ತು ವರ್ಷ ಕಳೆದವರಿಗೆ ಅದಕ್ಕಿಂತ ದೊಡ್ಡ ಅನುಕೂಲ, ಇರುವ ನೆಲವನ್ನು ಕೆಡವದೆ ಹೊಸ ನೆಲ ಪಡೆಯಬಹುದು ಎಂಬುದು. ಉಳಿದ ಲಾಭಗಳೂ ಇವೆ. ಆದರೆ ಅವು ಹಲಗೆಯ ಕೆಳಗೆ ಏನಿದೆ, ಮೇಲೆ ಎಷ್ಟು ದಪ್ಪದ ಪೊರೆ ಇದೆ, ಮನೆ ಯಾವ ಊರಿನಲ್ಲಿದೆ ಎಂಬುದನ್ನು ಅವಲಂಬಿಸಿವೆ.

ಹಲಗೆಯೊಳಗಿನ ಪದರಗಳು

ಒಂದು ಹಲಗೆಯನ್ನು ಅಡ್ಡಕ್ಕೆ ಮುರಿದು ಬೆಳಕಿಗೆ ಹಿಡಿದರೆ ಪದರಗಳು ಕಣ್ಣಿಗೆ ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಅತಿನೇರಳೆ ಕಿರಣ ಹಾಯಿಸಿ ಗಟ್ಟಿಮಾಡಿದ ಪಾಲಿಯುರೆಥೇನ್ ಲೇಪ. ಅದರ ಕೆಳಗೆ ಪಾರದರ್ಶಕವಾದ ಪಿವಿಸಿ, ಅಂದರೆ ವಿನೈಲ್ ಪ್ಲಾಸ್ಟಿಕ್ಕಿನ ಪೊರೆ. ಸವೆತವನ್ನೆಲ್ಲ ತಡೆಯುವುದು ಇದೇ. ಆ ಪೊರೆಯ ಕೆಳಗೆ ಮರದ್ದೋ ಕಲ್ಲಿನದ್ದೋ ಚಿತ್ರ ಮುದ್ರಿಸಿದ ತೆಳುಹಾಳೆ. ಲ್ಯಾಮಿನೇಟ್ ಮಾಡಿಸಿದ ಗುರುತಿನ ಚೀಟಿಯಲ್ಲಿ ಫೋಟೊದ ಮೇಲೆ ಪ್ಲಾಸ್ಟಿಕ್ ಕೂತಿರುತ್ತದಲ್ಲ, ಹಾಗೆ. ಚಿತ್ರದ ಕೆಳಗೆ ಹಲಗೆಗೆ ಮೈಕಟ್ಟು ಕೊಡುವ ದಪ್ಪ ತಿರುಳು, ತಳಕ್ಕೆ ಕೆಲವದರಲ್ಲಿ ಒಂದು ಒಂದೂವರೆ ಮಿ.ಮೀ. ಫೋಮ್.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಅಂಟು ಬಳಿದು ಕೂರಿಸುವಂಥದ್ದು. 2ರಿಂದ 3 ಮಿ.ಮೀ. ದಪ್ಪ; ಕೈಯಲ್ಲಿ ಹಿಡಿದರೆ ಬಾಗುತ್ತದೆ. ಎರಡನೆಯದು, ಅಂಚಿಗೆ ಅಂಚು ಸಿಕ್ಕಿಸುವ ಕ್ಲಿಕ್ ಹಲಗೆ. ಸಾಮಾನ್ಯವಾಗಿ 4ರಿಂದ 6 ಮಿ.ಮೀ. ದಪ್ಪ, ಬಾಗುವುದು ಕಡಿಮೆ. ಈ ಎರಡನೆಯ ಬಗೆಯಲ್ಲಿ ಈಗ ಎಸ್‌ಪಿಸಿ ಎಂಬ ಹೆಸರೇ ಹೆಚ್ಚು ಕೇಳಿಬರುತ್ತದೆ. ಅದರ ತಿರುಳಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸುಣ್ಣದಕಲ್ಲಿನ ನುಣ್ಣನೆಯ ಪುಡಿ, ಮಿಕ್ಕಿದ್ದು ಪಿವಿಸಿ. ಕಲಬುರಗಿ ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ಹಾಸಿಕೊಂಡು ಬಂದ ಶಹಾಬಾದ್ ಕಲ್ಲು ಕೂಡ ಸುಣ್ಣದಕಲ್ಲೇ. ಅಲ್ಲಿ ಬಂಡೆಯಾಗಿ ಕಾಲಿಗೆ ಸಿಗುವ ವಸ್ತು ಇಲ್ಲಿ ಪುಡಿಯಾಗಿ, ಪ್ಲಾಸ್ಟಿಕ್ಕಿನೊಡನೆ ಬೆರೆತು ಬಂದಿದೆ.

ಒಳ್ಳೆಯ ಹಲಗೆಯಲ್ಲಿ ಮೇಲ್ಮೈಯ ಉಬ್ಬುತಗ್ಗು ಚಿತ್ರದ ಗೆರೆಗೆ ಸರಿಯಾಗಿ ಹೊಂದಿಕೊಂಡಿರುತ್ತದೆ. ಮರದ ಗಂಟು ಎಲ್ಲಿ ಕಾಣುತ್ತದೋ ಅಲ್ಲೇ ಬೆರಳಿಗೂ ತಗ್ಗು ಸಿಗುತ್ತದೆ. ಅಗ್ಗದ ಮಾಲಿನಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಹಾಸಿ ಮುಗಿಸಿದ ಮೇಲೆ ಅದೇ ಗಂಟು ಪ್ರತಿ ಮೂರನೆಯ ಹಲಗೆಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಕೊಳ್ಳುವ ಮೊದಲು ಒಂದು ಡಬ್ಬ ಒಡೆಸಿ, ಹಲಗೆಗಳನ್ನೆಲ್ಲ ಪಕ್ಕಪಕ್ಕ ಹರಡಿಸಿ ನೋಡಿದರೆ ಇದು ಗೊತ್ತಾಗಿಬಿಡುತ್ತದೆ.

ಅಗಸೆ ಎಣ್ಣೆಯಿಂದ ಪಿವಿಸಿಗೆ

ಸುರುಳಿ ಸುತ್ತಿ ತಂದು ಹಾಸುವ ನೆಲದ ಕಥೆ ಶುರುವಾಗುವುದು ಪ್ಲಾಸ್ಟಿಕ್ಕಿಗಿಂತ ಬಹಳ ಮೊದಲು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದ ಮೊದಲ ವರ್ಷಗಳಲ್ಲಿ ಲಿನೋಲಿಯಂಗೆ ಪೇಟೆಂಟ್ ಪಡೆದ. ಬಣ್ಣದ ಡಬ್ಬದ ಮೇಲೆ ಒಣಗಿದ ಎಣ್ಣೆ ರಬ್ಬರಿನಂತೆ ಕೆನೆಗಟ್ಟಿದ್ದನ್ನು ಕಂಡು ಅವನಿಗೆ ಇದು ಹೊಳೆಯಿತು. ಆ ಎಣ್ಣೆ ನಮಗೆ ಹೊಸದೇನಲ್ಲ: ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಚಟ್ನಿಪುಡಿ ಮಾಡಿಕೊಂಡು ತಿನ್ನುವ ಅಗಸೆಯ ಎಣ್ಣೆಯೇ. ಗಾಳಿಗೊಡ್ಡಿ ಗಟ್ಟಿಯಾದ ಎಣ್ಣೆಗೆ ಬಿರಡೆ ಮರದ ಪುಡಿ, ರಾಳ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿದರೆ ಲಿನೋಲಿಯಂ. ಯುರೋಪು, ಅಮೆರಿಕಗಳ ಅಡುಗೆಮನೆಗಳನ್ನು ಅದು ಎರಡು ಮೂರು ತಲೆಮಾರು ಆಳಿತು.

ಪಿವಿಸಿ ಹುಟ್ಟಿದ್ದೂ 19ನೆಯ ಶತಮಾನದಲ್ಲೇ. ಜರ್ಮನಿಯ ರಸಾಯನ ವಿಜ್ಞಾನಿ ಆಯ್ಗನ್ ಬೌಮನ್ 1872ರಲ್ಲಿ ವಿನೈಲ್ ಕ್ಲೋರೈಡ್ ಅನಿಲವನ್ನು ಬಿಸಿಲಿಗಿಟ್ಟಾಗ ಬಿಳಿಯ ಘನವಸ್ತು ಉಳಿದದ್ದನ್ನು ದಾಖಲಿಸಿದ. ಅದು ಪೆಡಸು, ಯಾವ ಕೆಲಸಕ್ಕೂ ಬಾರದ್ದು. ಅರ್ಧ ಶತಮಾನದ ಬಳಿಕ, 1926ರಲ್ಲಿ, ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ ಲೋಹಕ್ಕೆ ರಬ್ಬರು ಅಂಟಿಸುವ ದಾರಿ ಹುಡುಕುತ್ತಿದ್ದ. ಪಿವಿಸಿಯನ್ನು ಬೇಗ ಆರದ ದ್ರಾವಕದಲ್ಲಿ ಹಾಕಿ ಕಾಯಿಸಿದಾಗ ಅಂಟು ಸಿಗಲಿಲ್ಲ. ಬಾಗುವ, ಪುಟಿಯುವ, ನೀರು ಹಿಡಿಯದ ಹೊಸ ವಸ್ತು ಸಿಕ್ಕಿತು. 1933ರ ಷಿಕಾಗೋ ವಿಶ್ವಮೇಳದಲ್ಲಿ ವಿನೈಲ್ ನೆಲವನ್ನು ಜನ ಕಂಡರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಮನೆಮನೆಗೂ ಹೋಯಿತು. ಆ ಕಾಲದ ಬಹಳಷ್ಟು ಟೈಲುಗಳಲ್ಲಿ ಗಟ್ಟಿತನಕ್ಕೆಂದು ಕಲ್ನಾರು ಬೆರೆಸುತ್ತಿದ್ದರು. ಅದಕ್ಕಾಗಿಯೇ ಇಂದಿಗೂ ಅಮೆರಿಕದಲ್ಲಿ ಹಳೆಯ ಮನೆಯ 9 ಅಂಗುಲದ ಟೈಲ್ ಕೀಳುವ ಮುನ್ನ ಪರೀಕ್ಷೆ ಮಾಡಿಸುತ್ತಾರೆ.

ಬಡವರ ನೆಲ ಎನಿಸಿಕೊಂಡಿದ್ದ ವಿನೈಲಿಗೆ ಮರದ, ಕಲ್ಲಿನ ಮುಖ ಕೊಟ್ಟು ಮೇಲ್ಮಧ್ಯಮ ವರ್ಗದ ಹಜಾರಕ್ಕೆ ತಂದವರಲ್ಲಿ 1973ರಲ್ಲಿ ಶುರುವಾದ ಬ್ರಿಟನ್ನಿನ ಕಾರ್ನ್‌ಡೀನ್‌ನಂಥ ಕಂಪನಿಗಳು ಪ್ರಮುಖ. 1990ರ ದಶಕದ ಉತ್ತರಾರ್ಧದಲ್ಲಿ ಸ್ವೀಡನ್ನಿನ ವಾಲಿಂಗೆ, ಬೆಲ್ಜಿಯಂನ ಯೂನಿಲಿನ್ ಕಂಪನಿಗಳು ಲ್ಯಾಮಿನೇಟ್ ಹಲಗೆಗಳಿಗೆ ಅಂಟಿಲ್ಲದ ಕ್ಲಿಕ್ ಬೆಸುಗೆ ರೂಪಿಸಿದವು. ಅದೇ ತಂತ್ರ ಮುಂದೆ ವಿನೈಲಿಗೂ ಬಂತು. 2013ರಲ್ಲಿ ಅಮೆರಿಕದಲ್ಲಿ ಕೋರ್‌ಟೆಕ್ ಹೆಸರಿನ ಗಟ್ಟಿತಿರುಳಿನ ಹಲಗೆ ಮಾರುಕಟ್ಟೆಗೆ ಬಂದ ಮೇಲೆ ಇಡೀ ಉದ್ಯಮ ಆ ದಿಕ್ಕಿಗೆ ತಿರುಗಿತು.

ವಿನೈಲ್ ಮೇಲೆ ಕಾಲಿಡದ ಕನ್ನಡಿಗರು ಇಲ್ಲವೆಂದೇ ಹೇಳಬಹುದು. ರೈಲಿನ ಬೋಗಿಯ ನೆಲ ಪಿವಿಸಿ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೂಲೆಯೇ ಇಲ್ಲದಂತೆ ಗೋಡೆಗೆ ಬಾಗಿ ಏರುವ ನೆಲ, ಬ್ಯಾಡ್ಮಿಂಟನ್ ಅಂಗಣದ ಹಸಿರು ಮ್ಯಾಟ್ ಸಾಮಾನ್ಯವಾಗಿ ಅದರದ್ದೇ. ಮನೆಯ ನೆಲ ಎಂದಾಗ ಮಾತ್ರ ನಮ್ಮ ನೆನಪು ಗಟ್ಟಿ ವಸ್ತುಗಳ ಕಡೆಗೇ ಹೋಗುತ್ತದೆ: ಹಳೆಯ ಮೈಸೂರಿನ ಕಡೆಯ ರೆಡ್ ಆಕ್ಸೈಡ್, ಉತ್ತರದ ಶಹಾಬಾದ್ ಕಲ್ಲು, ಇಳಕಲ್ಲಿನ ಗ್ರಾನೈಟ್, ಎಪ್ಪತ್ತರ ದಶಕದ ಮೊಸಾಯಿಕ್, ಈಗ ಎಲ್ಲೆಲ್ಲೂ ಗುಜರಾತಿನ ಮೋರ್ಬಿಯಿಂದ ಬರುವ ವಿಟ್ರಿಫೈಡ್.

ಕೂರಿಸುವ ದಿನ

ವಿನೈಲ್ ಹಾಸುವವರ ಚೀಲದಲ್ಲಿ ಕರಣೆಯಾಗಲಿ ಬಾಂಡ್ಲಿಯಾಗಲಿ ಇರುವುದಿಲ್ಲ. ರಸಮಟ್ಟ, ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಕಟ್ಟರ್, ರಬ್ಬರ್ ಸುತ್ತಿಗೆ, ಪ್ಲಾಸ್ಟಿಕ್ ಬೆಣೆಗಳು, ಅಳತೆ ಟೇಪು, ಮೂಲೆಮಟ್ಟ. ಅಷ್ಟೇ.

ಅನುಭವಿ ಕೆಲಸಗಾರ ಮೊದಲು ಹಳೆಯ ಟೈಲ್ಸನ್ನು ನಾಣ್ಯದಿಂದಲೋ ಸುತ್ತಿಗೆಯ ಹಿಡಿಯಿಂದಲೋ ತಟ್ಟುತ್ತ ಕೋಣೆ ಸುತ್ತುತ್ತಾನೆ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕುತ್ತಾನೆ. ಅಲ್ಲಿ ಗಾರೆ ಬಿಟ್ಟಿದೆ, ಸರಿಪಡಿಸದೆ ಮುಂದೆ ಹೋಗುವಂತಿಲ್ಲ. ಆಮೇಲೆ 3 ಮೀಟರ್ ಉದ್ದದ ಪಟ್ಟಿಯನ್ನು ನೆಲಕ್ಕಿಟ್ಟು ಅಡಿಯಲ್ಲಿ ಸಂದು ಎಷ್ಟಿದೆ ನೋಡುತ್ತಾನೆ. 5 ಮಿ.ಮೀ.ಗಿಂತ ಹೆಚ್ಚು ಏರಿಳಿತವಿದ್ದರೆ ಸೆಲ್ಫ್ ಲೆವೆಲಿಂಗ್ ಪುಡಿಯನ್ನು ನೀರಲ್ಲಿ ಕಲಸಿ ಸುರಿದು ಸಮ ಮಾಡಬೇಕು. ಅಂಟಿಸುವ ತೆಳು ಬಗೆಯಾದರೆ ಟೈಲ್ಸಿನ ಗ್ರೌಟ್ ಗೆರೆಗಳನ್ನೂ ತುಂಬಬೇಕು. ಇಲ್ಲವಾದರೆ ಕೆಲವು ತಿಂಗಳಲ್ಲಿ ಆ ಗೆರೆಗಳೇ ಮೇಲೆ ಮೂಡಿಬರುತ್ತವೆ.

ನೆಲಮಹಡಿಯ ಮನೆಯಾದರೆ ತೇವದ ಪರೀಕ್ಷೆ ತಪ್ಪಿಸುವಂತಿಲ್ಲ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯುತ್ತಾರೆ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ, ನೆಲದ ಬಣ್ಣ ಕಪ್ಪಾಗಿದ್ದರೆ ಮಣ್ಣಿನ ತೇವ ಮೇಲೇರುತ್ತಿದೆ ಎಂದರ್ಥ. ವಿನೈಲಿಗೆ ನೀರಿನಿಂದ ಏನೂ ಆಗದು. ಆದರೆ ಅದರ ಅಡಿಯಲ್ಲಿ ಸಿಕ್ಕಿಬಿದ್ದ ತೇವ ಅಂಟನ್ನು ಸಡಿಲಿಸುತ್ತದೆ, ಬೂಸಲು ಹಿಡಿಸುತ್ತದೆ. ಕರಾವಳಿ, ಮಲೆನಾಡಿನಲ್ಲಿ ನೀರುನಿರೋಧಕ ನೆಲ ಹಾಕಿಸಿದ ಮೇಲೂ ವಾಸನೆ ಬರುತ್ತಿದೆ ಎಂಬ ದೂರು ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ಕೆಳಗಿನ ತೇವವನ್ನೇ.

ಡಬ್ಬಗಳು ಎರಡು ದಿನ ಮೊದಲೇ ಕೋಣೆಗೆ ಬಂದು ಅಲ್ಲಿನ ಉಷ್ಣಾಂಶಕ್ಕೆ ಹೊಂದಿಕೊಂಡಿರುತ್ತವೆ. ಮೊದಲ ಸಾಲು ಗೋಡೆಯ ಪಕ್ಕ. ಗೋಡೆಗೂ ಹಲಗೆಗೂ ನಡುವೆ ಬೆಣೆ ಇಟ್ಟು 6ರಿಂದ 8 ಮಿ.ಮೀ. ಸಂದು ಬಿಡುತ್ತಾರೆ, ಬಿಸಿಲಿಗೆ ಹಿಗ್ಗಿದರೆ ಜಾಗವಿರಲಿ ಎಂದು. ಎರಡನೆಯ ಸಾಲಿನ ಹಲಗೆಯನ್ನು ಓರೆಯಾಗಿ ಹಿಡಿದು ಮೊದಲಿನದರ ಕೊಕ್ಕೆಗೆ ತೂರಿಸಿ ಕೆಳಕ್ಕೆ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಕತ್ತರಿಸಲು ಯಂತ್ರವೇ ಬೇಕೆಂದಿಲ್ಲ. ಕಟ್ಟರಿನಿಂದ ಆಳವಾಗಿ ಒಂದು ಗೀರು ಎಳೆದು ಮೊಣಕಾಲಿಗೆ ಕೊಟ್ಟು ಮುರಿದರೆ ನೇರವಾಗಿ ತುಂಡಾಗುತ್ತದೆ. ಅಂಚಿನ ಸಂದನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಬಾಗಿಲು ಅಡಿಯಲ್ಲಿ ತಗುಲಿದರೆ ಕಾರ್ಪೆಂಟರ್ ಬಂದು ಒಂದಿಷ್ಟು ಹೆರೆದು ಹೋಗುತ್ತಾನೆ.

ಇಬ್ಬರು ಸೇರಿದರೆ ಒಂದು ಕೋಣೆ ಒಂದೇ ದಿನದಲ್ಲಿ ಮುಗಿಯುತ್ತದೆ. ಗಾರೆಗೆ ನೀರುಣಿಸುವ ಕೆಲಸವಿಲ್ಲ, ಗ್ರೌಟ್ ಆರಲಿ ಎಂದು ಕಾಯುವುದಿಲ್ಲ. ಕ್ಲಿಕ್ ಬಗೆಯಾದರೆ ಆ ರಾತ್ರಿಯೇ ಮಂಚ ಒಳಗೆ ಬರುತ್ತದೆ. ಮೂರು ಕೋಣೆಯ ಮನೆಯವರು ಸಾಮಾನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತ, ಮನೆ ಬಿಡದೆಯೇ ಕೆಲಸ ಮುಗಿಸಿಕೊಳ್ಳುತ್ತಾರೆ. ಬಾಡಿಗೆ ಮನೆಯವರಿಗೆ ಇನ್ನೊಂದು ಅನುಕೂಲ. ಅಂಟು ಹಾಕದ ನೆಲವಾದ್ದರಿಂದ ಹೋಗುವಾಗ ಬಿಚ್ಚಿಕೊಂಡು ಹೋಗಬಹುದು, ಮಾಲೀಕರ ಟೈಲ್ಸ್ ಇದ್ದ ಹಾಗೇ ಇರುತ್ತದೆ.

ಕಾಲಿಗೆ, ಕಿವಿಗೆ, ನೀರಿಗೆ

ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಆಷಾಢದ ಬೆಳಗ್ಗೆ ಹಾಸಿಗೆಯಿಂದಿಳಿದು ಗ್ರಾನೈಟ್ ನೆಲಕ್ಕೆ ಪಾದ ಊರಿದವರಿಗೆ ವಿನೈಲಿನ ಮೊದಲ ಗುಣ ವಿವರಿಸಬೇಕಿಲ್ಲ. ಗ್ರಾನೈಟ್ ಪಾದದ ಶಾಖವನ್ನು ಪಿವಿಸಿಗಿಂತ ಹಲವು ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಕೋಣೆಯ ಉಷ್ಣಾಂಶ ಒಂದೇ ಇದ್ದರೂ ಒಂದು ಕೊರೆಯುತ್ತದೆ, ಇನ್ನೊಂದು ಕೊರೆಯುವುದಿಲ್ಲ. ಕೀಲುನೋವಿನ ಹಿರಿಯರು, ನೆಲದಲ್ಲೇ ಹರಿದಾಡುವ ಕೂಸುಗಳಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಇದೇ ಗುಣ ರಾಯಚೂರಿಗೆ ಹೋದರೆ ದೋಷ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಊಟದ ಮೇಲೆ ಬರೀ ಬಂಡೆಯ ಮೇಲೆ ಒಂದು ಚಾಪೆ ಹಾಕಿ ಮಲಗುವ ಸುಖವನ್ನು ವಿನೈಲ್ ಕೊಡಲಾರದು. ಶಹಾಬಾದ್ ಕಲ್ಲಿನ ಮನೆಯವರು ಅದನ್ನು ಮುಚ್ಚುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಎರಡನೆಯದು ಸದ್ದು. ಅಪಾರ್ಟ್‌ಮೆಂಟಿನ ಜಗಳಗಳಲ್ಲಿ ಅರ್ಧ ಮೇಲಿನ ಮನೆಯ ಕುರ್ಚಿ ಎಳೆಯುವ ಸದ್ದಿನವು. ಟೈಲ್ಸ್ ಗಾರೆಗೂ ಗಾರೆ ಕಾಂಕ್ರೀಟಿಗೂ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಮೇಲೆ ಬಿದ್ದ ಪೆಟ್ಟು ನೇರವಾಗಿ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ವಿನೈಲಿನ ಮೃದು ಪದರ, ಅದರಲ್ಲೂ ತಳದಲ್ಲಿ ಫೋಮ್ ಇದ್ದರೆ, ಆ ಪೆಟ್ಟಿನ ಮೊನೆಯನ್ನು ಮೊಂಡು ಮಾಡುತ್ತದೆ. ಚಮಚ ಬಿದ್ದರೆ ಟಣ್ ಎನ್ನುವುದಿಲ್ಲ, ಗಾಜಿನ ಲೋಟ ಬಿದ್ದರೆ ಉಳಿಯುವ ಸಂಭವವೂ ಇದೆ. ಟಿವಿಯ ಸದ್ದು, ಮಾತಿನ ಸದ್ದು ಮಾತ್ರ ಇದರಿಂದ ತಗ್ಗುವುದಿಲ್ಲ; ಅವು ಗಾಳಿಯಲ್ಲಿ ಬರುವಂಥವು.

ಮೂರನೆಯದು ನೀರು ಮತ್ತು ಗೆದ್ದಲು. ಮರದ ನೆಲದ ಆಸೆಯಿಂದ ಅಗ್ಗದ ಲ್ಯಾಮಿನೇಟ್ ಹಾಕಿಸಿದವರು ಅದು ಮಳೆಗಾಲದಲ್ಲಿ ಅಂಚಿನಲ್ಲಿ ಉಬ್ಬಿ ಏಳುವುದನ್ನು ಕಂಡಿರುತ್ತಾರೆ. ಅದರ ತಿರುಳು ಒತ್ತಿದ ಮರದ ನಾರು. ನೀರು ಕುಡಿದರೆ ಊದಿಕೊಳ್ಳುತ್ತದೆ. ವಿನೈಲಿನಲ್ಲಿ ನಾರೇ ಇಲ್ಲ, ಗೆದ್ದಲಿಗೆ ತಿನ್ನಲು ಏನೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳ ಮನೆಗಳೊಳಗೆ ನೀರು ನುಗ್ಗಿದಂಥ ಸಂದರ್ಭದಲ್ಲಿ ಕ್ಲಿಕ್ ಹಲಗೆಗಳನ್ನು ಬಿಚ್ಚಿ, ತೊಳೆದು, ಕೆಳಗಿನ ನೆಲ ಒಣಗಿದ ಮೇಲೆ ಮತ್ತೆ ಕೂರಿಸಲು ಸಾಧ್ಯ. ಹಾಗೆಂದು ಬಕೆಟ್ಟುಗಟ್ಟಲೆ ನೀರು ಸುರಿದು ಪೊರಕೆಯಲ್ಲಿ ತೊಳೆಯುವ ರೂಢಿ ಈ ನೆಲಕ್ಕೆ ಹೊಂದುವುದಿಲ್ಲ. ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಚ್ಚಲಿಗೆ, ಹಿತ್ತಲಿಗೆ, ತೆರೆದ ಬಾಲ್ಕನಿಗೆ ಇದು ಬೇಡ.

ಜಾರುವ ವಿಷಯದಲ್ಲೂ ವ್ಯತ್ಯಾಸವಿದೆ. ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಮೇಲೆ ನಾಲ್ಕು ಹನಿ ನೀರು ಬಿದ್ದರೆ ವಯಸ್ಸಾದವರಿಗೆ ಅಪಾಯ. ವಿನೈಲಿನ ಉಬ್ಬುತಗ್ಗಿನ ಮೈ ಕಾಲಿಗೆ ಹೆಚ್ಚು ಹಿಡಿತ ಕೊಡುತ್ತದೆ. ಜರ್ಮನಿಯ ಅಳತೆಯಲ್ಲಿ ಆರ್9ರಿಂದ ಆರ್13ರವರೆಗೆ ದರ್ಜೆಗಳಿವೆ. ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಮನೆಗೆ ಆರ್10 ಇರುವುದನ್ನು ಕೇಳಿ ಪಡೆಯಬಹುದು.

ಕುಕ್ಕರ್, ಈಳಿಗೆಮಣೆ, ದೀಪ

ಯುರೋಪಿನ ಪರೀಕ್ಷಾಲಯಗಳು ಗಾಲಿಕುರ್ಚಿ ಓಡಿಸಿ, ಮರಳುಕಾಗದ ಉಜ್ಜಿ ವಿನೈಲಿನ ಗಟ್ಟಿತನ ಅಳೆಯುತ್ತವೆ. ನಮ್ಮ ಅಡುಗೆಮನೆಯ ಪರೀಕ್ಷೆಗಳು ಬೇರೆ. ಒಲೆಯಿಂದ ಇಳಿಸಿದ ಕುಕ್ಕರನ್ನೋ ಒಗ್ಗರಣೆ ಸೌಟನ್ನೋ ನೆಲಕ್ಕಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ; ಕುದಿಯುವ ಪಾತ್ರೆಯ ತಳ ಅದಕ್ಕಿಂತ ಬಿಸಿ. ಒಂದೇ ಸಲಕ್ಕೆ ಉಂಗುರದ ಗುರುತು ಉಳಿದುಬಿಡುತ್ತದೆ. ದೇವರ ಕೋಣೆಯಲ್ಲಿ ಊದುಬತ್ತಿಯ ಕೆಂಡ, ಕರ್ಪೂರದ ಆರತಿ ಬಿದ್ದರೂ ಹಾಗೆಯೇ. ಗೃಹಪ್ರವೇಶಕ್ಕೋ ಸತ್ಯನಾರಾಯಣ ಪೂಜೆಗೋ ಹೋಮಕುಂಡ ಇಡುವ ಹಜಾರದಲ್ಲಿ ಇಟ್ಟಿಗೆ, ಮರಳಿನ ಅಡ್ಡ ಎಷ್ಟಿದ್ದರೂ ಸಾಲದು. ಅಡುಗೆಮನೆ, ದೇವರಮನೆಗಳನ್ನು ಟೈಲ್ಸಿಗೋ ಕಲ್ಲಿಗೋ ಬಿಟ್ಟು ಮಲಗುವ ಕೋಣೆ, ಓದುವ ಕೋಣೆಗಳಿಗೆ ವಿನೈಲ್ ಹಾಸುವುದೇ ನಮ್ಮಲ್ಲಿ ಜಾಣತನ.

ಈಳಿಗೆಮಣೆಯ ಕಬ್ಬಿಣದ ಅಂಚು ಎಳೆದರೆ ಗೀರು ಬೀಳುತ್ತದೆ. ಗ್ರೈಂಡರಿನ, ಬೀರುವಿನ ಕಾಲು ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿದರೆ ತೆಳು ವಿನೈಲಿನಲ್ಲಿ ಗುಳಿ ಮೂಡುತ್ತದೆ. ಎಸ್‌ಪಿಸಿಯಲ್ಲಿ ಈ ತೊಂದರೆ ಕಡಿಮೆ. ಅರಿಶಿನ ಬಿದ್ದರೆ ಆಗಲೇ ಒರೆಸಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಶತ್ರು ಬಾಗಿಲ ಬಳಿಯ ರಬ್ಬರ್ ತಳದ ಕಾಲೊರಸು. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲಿನೊಳಕ್ಕೆ ಇಳಿದು ಹಳದಿ ಕಲೆ ಮಾಡುತ್ತದೆ, ಆ ಕಲೆ ಯಾವ ಸೋಪಿಗೂ ಹೋಗದು. ಹತ್ತಿಯ ಕಾಲೊರಸು ಹಾಕಿದರೆ ಈ ಗೊಡವೆಯೇ ಇಲ್ಲ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರುವ ಕೋಣೆಗೆ ಪರದೆ ಬೇಕೇಬೇಕು. ಸಂಜೆಯ ನೇರ ಬಿಸಿಲಿಗೆ ಹಲಗೆ ಹಿಗ್ಗಿ, ಅಂಚಿನಲ್ಲಿ ಜಾಗ ಸಾಲದಿದ್ದರೆ ನಡುವಿನಲ್ಲಿ ಉಬ್ಬುತ್ತದೆ.

ಪಿವಿಸಿಯ ಇನ್ನೊಂದು ಮುಖ

ವಿನೈಲನ್ನು ಹೊಗಳುವವರು ಹೇಳದೆ ಬಿಡುವ ಮಾತೂ ಇದೆ. ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್. ಅದರ ಮೂಲ ಉಪ್ಪು. ತಯಾರಿಕೆಯ ನಡುವಿನ ಹಂತವಾದ ವಿನೈಲ್ ಕ್ಲೋರೈಡ್ ಅನಿಲ ಕ್ಯಾನ್ಸರ್ ತರುವಂಥದ್ದು. ಅದು ಬೆಳಕಿಗೆ ಬಂದದ್ದು 1974ರಲ್ಲಿ, ಸೆಮನ್ ಕೆಲಸ ಮಾಡುತ್ತಿದ್ದ ಅದೇ ಗುಡ್‌ರಿಚ್ ಕಂಪನಿಯ ಕೆಂಟಕಿ ಕಾರ್ಖಾನೆಯ ಕಾರ್ಮಿಕರು ಅಪರೂಪದ ಯಕೃತ್ತಿನ ಕ್ಯಾನ್ಸರಿಗೆ ಬಲಿಯಾದಾಗ. 2023ರ ಫೆಬ್ರುವರಿಯಲ್ಲಿ ಅಮೆರಿಕದ ಓಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಊರಿನ ಬಳಿ ಹಳಿ ತಪ್ಪಿದ ಗೂಡ್ಸ್ ರೈಲಿನಲ್ಲಿದ್ದದ್ದೂ ಈ ಅನಿಲ. ಸಿದ್ಧವಾದ ಹಲಗೆಯಲ್ಲಿ ಅದು ಹೆಚ್ಚೆಂದರೆ ಲವಲೇಶ. ಅಪಾಯದ ಭಾರ ಬಹುಪಾಲು ಕಾರ್ಖಾನೆಯ ಕಡೆಯವರದ್ದು.

ಮನೆಯವರಿಗೆ ನೇರವಾಗಿ ಸಂಬಂಧಿಸಿದ್ದು ಥಾಲೇಟುಗಳು. ಪಿವಿಸಿಯನ್ನು ಬಾಗಿಸಲು ಬೆರೆಸುವ ಈ ರಾಸಾಯನಿಕಗಳಲ್ಲಿ ಕೆಲವು ದೇಹದ ಹಾರ್ಮೋನುಗಳಿಗೆ ಅಡ್ಡಿ ಮಾಡುತ್ತವೆ. ಅಮೆರಿಕದ ದೊಡ್ಡ ಮಳಿಗೆಗಳಾದ ಹೋಮ್ ಡಿಪೊ ಮತ್ತು ಲೋವ್ಸ್ 2015ರಲ್ಲಿ ಇವು ಬೆರೆತ ವಿನೈಲ್ ನೆಲ ಮಾರುವುದನ್ನು ನಿಲ್ಲಿಸುವುದಾಗಿ ಘೋಷಿಸಿದವು. ಐರೋಪ್ಯ ಒಕ್ಕೂಟ 2020ರ ಜುಲೈಯಿಂದ ನಾಲ್ಕು ಥಾಲೇಟುಗಳಿಗೆ ಶೇ 0.1ರ ಮಿತಿ ಹಾಕಿತು. ಪಿವಿಸಿಗೆ ಬೆರೆಸುವ ಇನ್ನೊಂದು ವಸ್ತುವಾದ ಸೀಸದ ವಿಷಯದಲ್ಲಿ ಭಾರತ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಆದರೆ ಅದು ಪಿವಿಸಿ ಪೈಪು ಮತ್ತು ಅದರ ಜೋಡಣೆಗಳಿಗೆ ಸಂಬಂಧಿಸಿದ್ದು, ನೆಲಹಾಸಿಗೆ ಅಲ್ಲ. ಹಾಗಾಗಿ ಥಾಲೇಟ್ ಇಲ್ಲ, ಸೀಸ ಇಲ್ಲ ಎಂಬ ಪರೀಕ್ಷಾ ಪತ್ರವನ್ನೂ, ಒಳಾಂಗಣ ಗಾಳಿಯ ಗುಣಮಟ್ಟಕ್ಕೆ ಕೊಡುವ ಫ್ಲೋರ್‌ಸ್ಕೋರ್‌ನಂಥ ಪ್ರಮಾಣಪತ್ರವನ್ನೂ ಕೊಳ್ಳುವವರೇ ಕೇಳಿ ನೋಡಬೇಕು. ಡಬ್ಬ ತೆರೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಆ ಮಾಲನ್ನು ವಾಪಸು ಕಳಿಸುವುದೇ ಸರಿ.

ಕಲ್ಲಿನ ನೆಲವನ್ನು ಮತ್ತೆ ಪಾಲಿಶ್ ಮಾಡಿಸಬಹುದು, ಮರದ ನೆಲವನ್ನು ಹೆರೆಸಿ ಹೊಸದು ಮಾಡಬಹುದು. ವಿನೈಲಿನ ಮೇಲ್ಪೊರೆ ಸವೆದು ಚಿತ್ರ ಅಳಿಸಿದರೆ ಹಲಗೆಯನ್ನೇ ಬದಲಿಸಬೇಕು. ಹಳೆಯದನ್ನು ಕೊಂಡು ಮರುಬಳಕೆ ಮಾಡುವ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ರಸ್ತೆಬದಿಯ ಕಸದೊಡನೆ ಸುಟ್ಟರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ವಿಷವೂ ಹೊರಡುತ್ತವೆ. ತುಂಡುಗಳನ್ನು ಹಾಸುವವರೇ ಒಯ್ಯಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಮೇಲು.

ಅಂಗಡಿಯಲ್ಲಿ ಕೇಳಬೇಕಾದದ್ದು

ಮಾರಾಟಗಾರರು ಮೊದಲು ಹೇಳುವುದು ಒಟ್ಟು ದಪ್ಪವನ್ನು. ಬಾಳಿಕೆಯನ್ನು ತೀರ್ಮಾನಿಸುವುದು ಮಾತ್ರ ಮೇಲಿನ ಪಾರದರ್ಶಕ ಪೊರೆ. ಮನೆಬಳಕೆಗೆ 0.3 ಮಿ.ಮೀ. ಸಾಕು, ನಾಯಿ ಸಾಕಿದವರು, ಓಡಾಟ ಹೆಚ್ಚಿರುವ ಹಜಾರದವರು 0.5 ಮಿ.ಮೀ. ಹುಡುಕಬೇಕು. ಇಲ್ಲೊಂದು ಗೊಂದಲವಿದೆ. ಅಮೆರಿಕದ ಅಳತೆಯಾದ ‘ಮಿಲ್’ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ, ಮಿಲಿಮೀಟರ್ ಅಲ್ಲ. 12 ಮಿಲ್ ಎಂದರೆ 0.3 ಮಿ.ಮೀ., 20 ಮಿಲ್ ಎಂದರೆ 0.5 ಮಿ.ಮೀ. ಡಬ್ಬದ ಮೇಲೆ 23 ಎಂಬ ದರ್ಜೆ ಇದ್ದರೆ ಅದು ಮನೆಯ ಹೆಚ್ಚು ಓಡಾಟಕ್ಕೆ, 33 ಎಂದರೆ ಅಂಗಡಿ, ಕಚೇರಿಯ ಓಡಾಟಕ್ಕೆ ಬಾಳುವಂಥದ್ದು.

ಬೆಲೆ ಚದರಡಿಗೆ 100 ರೂಪಾಯಿಯ ಆಚೀಚೆ ಶುರುವಾಗಿ, ದಪ್ಪ ಮತ್ತು ಪೊರೆ ಹೆಚ್ಚಿದಂತೆ 200 ದಾಟುತ್ತದೆ. ಬರೀ ಮಾಲಿಗೆ ಮಾಲು ಹೋಲಿಸಿದರೆ ಸಾಧಾರಣ ವಿಟ್ರಿಫೈಡ್ ಟೈಲ್ಸೇ ಅಗ್ಗ. ಹೊಸದಾಗಿ ಕಟ್ಟುತ್ತಿರುವ ಮನೆಗೆ, ನೆಲ ಇನ್ನೂ ಬರೀ ಕಾಂಕ್ರೀಟಾಗಿರುವಾಗ, ಈ ಲೆಕ್ಕ ವಿನೈಲಿನ ಪರವಾಗಿ ನಿಲ್ಲುವುದು ಕಷ್ಟ. ಹಳೆಯ ಮನೆಯಲ್ಲಿ ಒಡೆಯುವ ಕೂಲಿ, ಅವಶೇಷ ಸಾಗಿಸುವ ಲಾರಿ, ಮರಳು, ಸಿಮೆಂಟು, ಬೇರೆ ಕಡೆ ಇರುವ ಖರ್ಚು ಕೂಡಿಸಿದ ಮೇಲೆ ತಕ್ಕಡಿ ಇತ್ತ ವಾಲುತ್ತದೆ. ನೆಲ ಸಮಮಾಡುವ ಖರ್ಚು, ಸ್ಕರ್ಟಿಂಗ್, ಹೊಸ್ತಿಲ ಪಟ್ಟಿ ಅಂದಾಜುಪಟ್ಟಿಯಲ್ಲಿ ಸೇರಿದೆಯೇ ಎಂದು ಕೇಳದಿದ್ದರೆ ಅವು ಕೊನೆಯಲ್ಲಿ ಬಿಲ್ಲಿಗೆ ಬಂದು ಕೂರುತ್ತವೆ. ಗ್ಯಾರಂಟಿ ಪತ್ರದಲ್ಲಿ ತೇವ, ನೇರ ಬಿಸಿಲು, ಸಮವಿಲ್ಲದ ನೆಲ ಇವುಗಳಿಂದಾದ ಹಾನಿಗೆ ಹೊಣೆಯಿಲ್ಲ ಎಂಬ ಸಾಲು ಇರುತ್ತದೆಯೇ ಎಂಬುದನ್ನೂ ಓದಿಯೇ ಸಹಿ ಹಾಕಬೇಕು.

ಅಳತೆಗಿಂತ ಶೇ 5ರಿಂದ 10ರಷ್ಟು ಹೆಚ್ಚು ಮಾಲು ಕತ್ತರಿಕೆಯಲ್ಲಿ ಹೋಗುತ್ತದೆ. ಅದರ ಮೇಲೆ ಒಂದು ಡಬ್ಬವನ್ನು ಹೆಚ್ಚಿಗೆ ತಂದು ಅಟ್ಟದ ಮೇಲೆ ಮಟ್ಟಸವಾಗಿ ಮಲಗಿಸಿಡುವುದು ವಾಡಿಕೆ, ಏಕೆಂದರೆ ಕಂಪನಿಗಳು ಕೆಲವೇ ವರ್ಷಗಳಲ್ಲಿ ವಿನ್ಯಾಸ ಬದಲಿಸಿಬಿಡುತ್ತವೆ. ಹಲಗೆ ಸುಟ್ಟರೆ, ಸೀಳಿದರೆ ಅಂಟಿಸಿದ ಬಗೆಯದನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಎಬ್ಬಿಸಿ, ಹಳೆಯ ಅಂಟು ಕೆರೆದು, ಹೊಸದನ್ನು ಕೂರಿಸುತ್ತಾರೆ. ಕ್ಲಿಕ್ ಬಗೆಯದಾದರೆ ಹತ್ತಿರದ ಗೋಡೆಯ ಸ್ಕರ್ಟಿಂಗ್ ತೆಗೆದು, ಕೆಟ್ಟ ಹಲಗೆ ಸಿಗುವವರೆಗೂ ಸಾಲುಗಳನ್ನು ಬಿಚ್ಚುತ್ತ ಬಂದು, ಅದನ್ನು ಬದಲಿಸಿ ಮತ್ತೆ ಜೋಡಿಸುತ್ತಾರೆ. ಎರಡೂ ಅರ್ಧ ದಿನದ ಕೆಲಸ.